ಎಂಟೂಕಾಲಿಗೆ ತಾನೇ ಶುರುವಾಗುತ್ತಿದ್ದ ಟೇಪು

ಅಮೆರಿಕದ ಜಾಝ್ ವಾದಕ ಚಾರ್ಲಿ ಪಾರ್ಕರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದ್ದು ಇವತ್ತು ಹೆಚ್ಚುಕಮ್ಮಿ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ಹಾಗಿದ್ದ ಮೇಲೆ ರೇಡಿಯೋದಿಂದ ಇಳಿಸಿಕೊಂಡ ಹಳೇ ಕ್ಯಾಸೆಟ್ಟುಗಳನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಬಹಳ ಜನ ಕೇಳುತ್ತಾರೆ. ನನಗೆ ಬೇಕಾಗಿರುವುದು ಹಾಡುಗಳ ನಡುವಿನ ಮಾತು. ಯಾರು ಮಾತಾಡಿದರು, ಹೇಗೆ ಮಾತಾಡಿದರು, ಆ ವಾರ ಯಾವ ಕ್ಲಬ್ಬಿನಲ್ಲಿ ಯಾರ ಕಛೇರಿ ಇತ್ತು, ಹೊರಗೆ ಹಿಮ ಬೀಳುತ್ತಿತ್ತಾ, ಇದೆಲ್ಲ ಇನ್ನೆಲ್ಲೂ ಸಿಗುವುದಿಲ್ಲ.

ನಾನು ಮೈಸೂರಿನವನು. 1980ರ ದಶಕದ ಕೊನೆಯಲ್ಲಿ ಕೆಲಸಕ್ಕೆಂದು ನ್ಯೂಜೆರ್ಸಿಯ ಎಡಿಸನ್‌ಗೆ ಬಂದೆ. ಜಾಝ್ ನನಗೆ ಪೂರಾ ಹೊಸದೇನಲ್ಲ. ಊರಲ್ಲಿದ್ದಾಗ ಶಾರ್ಟ್‌ವೇವ್‌ನಲ್ಲಿ ಅಮೆರಿಕ ಸರ್ಕಾರದ ಹೊರದೇಶ ಪ್ರಸಾರದ ರೇಡಿಯೋ ವಾಯ್ಸ್ ಆಫ್ ಅಮೆರಿಕ ಹಿಡಿದರೆ ಅನೌನ್ಸರ್ ವಿಲಿಸ್ ಕಾನೋವರ್ ಸಿಗುತ್ತಿದ್ದರು. 1955ರಲ್ಲಿ ಶುರುವಾದ ಜಾಝ್ ಕಾರ್ಯಕ್ರಮ ಅವರದು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲಿ ಅಂತ ಒಂದೊಂದೇ ಪದ ಬಿಡಿಸಿ ಬಿಡಿಸಿ, ಗಂಭೀರ ದನಿಯಲ್ಲಿ ಹೇಳುತ್ತಿದ್ದರು. ತಮಾಷೆ ಏನು ಗೊತ್ತಾ, ಇಲ್ಲಿಗೆ ಬಂದು ವಿಚಾರಿಸಿದರೆ ನನ್ನ ಆಫೀಸಿನ ಅಮೆರಿಕನ್ನರಿಗೆ ಆತ ಯಾರು ಅಂತಲೇ ಗೊತ್ತಿರಲಿಲ್ಲ. ವಾಯ್ಸ್ ಆಫ್ ಅಮೆರಿಕ ತನ್ನ ದೇಶದೊಳಗೆ ಪ್ರಸಾರ ಮಾಡುವುದಕ್ಕೆ ಆಗ ಕಾನೂನೇ ಬಿಡುತ್ತಿರಲಿಲ್ಲ.

ಅವರಿಗೆ ಅವರ ಸ್ಥಳೀಯ ಸ್ಟೇಷನ್‌ಗಳಿದ್ದವು. ಎಡಿಸನ್‌ನಲ್ಲಿ ನನಗೆ ಎರಡು ಸಿಗುತ್ತಿದ್ದವು. ಒಂದು, ನ್ಯೂಅರ್ಕ್‌ನ ಡಬ್ಲ್ಯುಬಿಜಿಓ, ಎಫ್‌ಎಂ 88.3. 1979ರಿಂದ ಜಾಝ್‌ಗೇ ಮೀಸಲಾದ ಸಾರ್ವಜನಿಕ ರೇಡಿಯೋ. ಮಧ್ಯಾಹ್ನ ರೋಂಡಾ ಹ್ಯಾಮಿಲ್ಟನ್ ಅವರ ತಣ್ಣಗಿನ ದನಿ. ಭಾನುವಾರ ಬೆಳಿಗ್ಗೆ ಮೈಕಲ್ ಬೋರ್ನ್ ಗಾಯಕರನ್ನೆಲ್ಲ ಗುಡ್ಡೆಹಾಕಿ ಹರಟುತ್ತಿದ್ದರು. ಭಾನುವಾರ ರಾತ್ರಿ ರಟ್ಗರ್ಸ್ ವಿಶ್ವವಿದ್ಯಾಲಯದ ಜಾಝ್ ಅಧ್ಯಯನ ಸಂಸ್ಥೆಯವರು ತಮ್ಮ ಸಂಗ್ರಹದಿಂದ ಹಳೇ ಗ್ರಾಮಫೋನ್ ತಟ್ಟೆಗಳನ್ನು ತಂದು ಹಾಕುತ್ತಿದ್ದರು. ಇನ್ನೊಂದು, ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಡೆಸುವ ಡಬ್ಲ್ಯುಕೆಸಿಆರ್, 89.9. ನನ್ನನ್ನು ಹಿಡಿದು ಕೂರಿಸಿದ್ದು ಇದೇ.

ಅಲ್ಲಿ ಫಿಲ್ ಶ್ಯಾಪ್ ಅಂತ ಒಬ್ಬರಿದ್ದರು. 1970ರಲ್ಲಿ ವಿದ್ಯಾರ್ಥಿಯಾಗಿ ಮೈಕ್ ಮುಂದೆ ಕೂತವರು, ಮತ್ತೆ ಏಳಲೇ ಇಲ್ಲ ಅನ್ನಬಹುದು. 1981ರಿಂದ ವಾರದ ದಿನಗಳಲ್ಲಿ ಬೆಳಿಗ್ಗೆ 8:20ಕ್ಕೆ 'ಬರ್ಡ್ ಫ್ಲೈಟ್' ಅಂತ ಕಾರ್ಯಕ್ರಮ ನಡೆಸಿದರು. ಬರೀ ಚಾರ್ಲಿ ಪಾರ್ಕರ್. ದಿನಾ ಅದೇ ಒಬ್ಬ ಮನುಷ್ಯನ ಸಂಗೀತ, ಹತ್ತಿರ ಹತ್ತಿರ ನಲವತ್ತು ವರ್ಷ! ನಮ್ಮಲ್ಲಿ ಗಮಕ ಕೇಳಿದವರಿಗೆ ಅವರ ಶೈಲಿ ಥಟ್ಟನೆ ಹಿಡಿಸುತ್ತದೆ. ವಾಚನ ಮಾಡುವವರು ಒಂದು ಪದ್ಯ ಹಾಡುತ್ತಾರೆ, ವ್ಯಾಖ್ಯಾನಕಾರರು ಅದರ ಮೇಲೆ ಕಾಲು ಗಂಟೆ ಹೇಳುತ್ತಾರಲ್ಲ, ಹಾಗೆ. 1945ರ ನವೆಂಬರ್ 26ರಂದು ಪಾರ್ಕರ್ ರೆಕಾರ್ಡ್ ಮಾಡಿದ 'ಕೋ ಕೋ' ಮೂರು ನಿಮಿಷವೂ ಇಲ್ಲ. ಆದರೆ ಅವತ್ತು ಪಿಯಾನೋ ಮುಂದೆ ಯಾವ ಹೊತ್ತಿನಲ್ಲಿ ಯಾರು ಕೂತಿದ್ದರು ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ಅಂಥದೊಂದು ಸಿಕ್ಕರೆ ಶ್ಯಾಪ್‌ಗೆ ಹಬ್ಬ.

ನನ್ನ ಹೆಂಡತಿ ಒಮ್ಮೆ ಅಡುಗೆಮನೆಯಿಂದಲೇ ಕೂಗಿದ್ದಳು: "ಏನ್ರೀ, ಇವರು ಹಾಡು ಹಾಕೋದು ಯಾವಾಗ? ನನ್ನ ಉಪ್ಪಿಟ್ಟೇ ಆಗೋಯ್ತು!" ಅವಳ ದೂರು ಅವಳೊಬ್ಬಳದ್ದಲ್ಲ. ಮಾತು ಜಾಸ್ತಿ ಆಯಿತು ಅನ್ನುವವರು ನ್ಯೂಯಾರ್ಕಿನಲ್ಲೂ ಬೇಕಾದಷ್ಟಿದ್ದರು.

ಈಗ ಟೇಪಿನ ವಿಷಯ. 8:20 ಅಂದರೆ ನಾನು ಕಾರಿನಲ್ಲಿರುವ ಹೊತ್ತು. ಅರ್ಧ ದಾರಿಯಲ್ಲಿ ಕೇಳಿ, ಆಫೀಸು ಬಂತು ಅಂತ ಆಫ್ ಮಾಡುವುದು ಹಿಂಸೆ. ಅದಕ್ಕೆ ಮನೆಯಲ್ಲಿ ಟೈಮರ್ ಹಾಕಿದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, ಗಡಿಯಾರದಂತೆ ತಿರುಗುವ ಅಗ್ಗದ ಟೈಮರ್. ಕಾಲು ಗಂಟೆಗೊಂದು ಹಲ್ಲು. ಹಾಗಾಗಿ 8:15ಕ್ಕೆ ಇಡಬೇಕು, ಇಲ್ಲಾ 8:30ಕ್ಕೆ. 8:15ಕ್ಕೆ ಇಟ್ಟೆ. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಸರಿಯಾಗಿ 9 ಗಂಟೆಗೆ ಮೊದಲ ಬದಿ ಮುಗಿಯುತ್ತದೆ, ಆಟೋ ರಿವರ್ಸ್ ಡೆಕ್ ತಾನೇ ತಿರುಗಿಸಿಕೊಳ್ಳುತ್ತದೆ, 9:45ಕ್ಕೆ ಎರಡನೇದು ಮುಗಿಯುತ್ತದೆ. ಕಾರ್ಯಕ್ರಮ ಮುಗಿಯುತ್ತಿದ್ದದ್ದು 9:40ರ ಸುಮಾರಿಗೆ. ಸಿ-90 ಮಾಡಿದವರು ಈ ಕಾರ್ಯಕ್ರಮವನ್ನೇ ನೆನೆದು ಮಾಡಿದ್ದರೇನೋ ಅನ್ನಿಸುವಷ್ಟು ಕರಾರುವಾಕ್ಕು.

ಇದಕ್ಕೆ ಎರಡು ಷರತ್ತು. ಡೆಕ್ಕಿನಲ್ಲಿ 'ಟೈಮರ್ ರೆಕ್' ಅನ್ನುವ ಸ್ವಿಚ್ ಇರಬೇಕು. ಕರೆಂಟು ಬಂದ ತಕ್ಷಣ ತಾನಾಗಿ ರೆಕಾರ್ಡಿಂಗ್ ಶುರುಮಾಡುವುದು ಆ ಸ್ವಿಚ್. ಇನ್ನು ರೇಡಿಯೋ ರಿಸೀವರ್ ಹಳೇ ಕಾಲದ್ದಾಗಿರಬೇಕು, 'ಟಕ್' ಅಂತ ಒತ್ತಿ ಕೂರಿಸುವ ಪವರ್ ಬಟನ್ ಇರುವಂಥದ್ದು. ಮುಟ್ಟಿದರೆ ಹೊತ್ತಿಕೊಳ್ಳುವ ಹೊಸ ಮಾದರಿಯವು ಕರೆಂಟು ಬಂದರೂ ನಿದ್ದೆಯಲ್ಲೇ ಇರುತ್ತವೆ. ಆಮೇಲೆ 45 ನಿಮಿಷ ಬರೀ 'ಸುಯ್' ಅನ್ನುವ ಸದ್ದು ರೆಕಾರ್ಡ್ ಆಗಿರುತ್ತದೆ.

ಆಂಟೆನಾ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಟಿ ಆಕಾರದ ಚಪ್ಪಟೆ ವೈರು, ಎರಡು ತೋಳೂ ಸೇರಿ ಸುಮಾರು 1.6 ಮೀಟರ್. ಮ್ಯಾನ್‌ಹಟನ್ 25 ಮೈಲಿ ಆಸುಪಾಸು ದೂರ. ಡಬ್ಲ್ಯುಕೆಸಿಆರ್ ಆಂಟೆನಾ ಆಗ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದ ತುದಿಯಲ್ಲಿತ್ತು. ವೈರಿನ ಅಗಲ ಆ ಕಡೆ ಮುಖಮಾಡಿದರೆ ಸಾಕು. 2001ರ ಸೆಪ್ಟೆಂಬರ್ 11ರಂದು ಆ ಆಂಟೆನಾ ಗೋಪುರದ ಜೊತೆಗೇ ಹೋಯಿತು.

ಯಂತ್ರಕ್ಕೆ ಬುದ್ಧಿ ಇಲ್ಲದ್ದೇ ನನ್ನ ಪಾಲಿಗೆ ಒಳ್ಳೆಯದಾಯಿತು. ರೇಡಿಯೋ ಮುಂದೆ ಕೂತು ಟೇಪು ಮಾಡುವವರು ಬೆರಳನ್ನು ರೆಕಾರ್ಡಿಂಗ್ ತಡೆದು ನಿಲ್ಲಿಸುವ ಪಾಜ್ ಬಟನ್ ಮೇಲೇ ಇಟ್ಟುಕೊಂಡಿರುತ್ತಿದ್ದರು. ಹಾಡು ಮುಗಿಯಿತೋ, ಒತ್ತು. ಅನೌನ್ಸರ್ ಬಾಯಿ ಮುಚ್ಚಿದನೋ, ಬಿಡು. ನಮ್ಮ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುವಾಗ ಒಂದು ಡಬ್ಬ ತುಂಬ ಕ್ಯಾಸೆಟ್ ಕೊಟ್ಟು ಹೋದರು. ಅದರಲ್ಲಿ ಮುಕ್ಕಾಲು ಪಾಲು ಹೀಗೆ ಮಾತು ಕತ್ತರಿಸಿದ್ದೇ. ಹಾಡಿನ ಮೊದಲ ಸ್ವರವೂ ಹೋಗಿದೆ, ಹೇಳಿದವರ ದನಿಯೂ ಹೋಗಿದೆ. ಉಳಿದಿರುವ ಸಂಗೀತ ಸಿಡಿಯಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ.

ಆ ಹಿರಿಯರಿಗೆ ಹಳೇ ಡಬ್ಲ್ಯುಆರ್‌ವಿಆರ್ ಅಂದರೆ ಜೀವ. ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚ್ 1961ರಲ್ಲಿ ಶುರುಮಾಡಿದ ಸ್ಟೇಷನ್, 106.7. ಎಡ್ ಬೀಚ್ ಅನ್ನುವವರು ಅಲ್ಲಿ ವರ್ಷಗಟ್ಟಲೆ ಒಬ್ಬೊಬ್ಬ ಕಲಾವಿದರನ್ನೇ ಹಿಡಿದು ನಿಧಾನವಾಗಿ ಹೇಳುತ್ತಿದ್ದರಂತೆ. ಚರ್ಚ್ ಅದನ್ನು ಮಾರಿತು, ಕೊಂಡವರು ಇನ್ನೊಬ್ಬರಿಗೆ ಮಾರಿದರು. 1980ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಬೆಳಗಾಗುವಷ್ಟರಲ್ಲಿ ಜಾಝ್ ಹೋಗಿ ಕಂಟ್ರಿ ಸಂಗೀತ ಬಂದಿತ್ತು. ಎಚ್ಚರಿಕೆ ಇಲ್ಲ, ವಿದಾಯ ಇಲ್ಲ. "ರೇಡಿಯೋ ಕೆಟ್ಟಿದೆ ಅಂದ್ಕೊಂಡು ಮುಳ್ಳು ತಿರುಗಿಸ್ತಾನೇ ಇದ್ದೆ" ಅಂತ ಅವರು ಹೇಳುತ್ತಿದ್ದರು. ಆ ಸಿಟ್ಟು ಅವರಿಗೆ ಕೊನೆವರೆಗೂ ಇಳಿಯಲಿಲ್ಲ.

ಕಂಪ್ಯೂಟರಿಗೆ ಇಳಿಸುವ ಕೆಲಸ ನಾನು ಹಿಡಿದದ್ದು ಶ್ಯಾಪ್ ತೀರಿಕೊಂಡ ಮೇಲೆ, ಅಂದರೆ 2021ರ ಸೆಪ್ಟೆಂಬರ್ ನಂತರ. ಒಳ್ಳೇ ಡೆಕ್ಕು, ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಡಾಸಿಟಿ ತಂತ್ರಾಂಶ. ಇಷ್ಟೇ ಸಾಮಾನು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಳಿಸುತ್ತೇನೆ. 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಜಿಬಿ ಆಗುತ್ತದೆ. 96 ಕಿಲೋಹರ್ಟ್ಸ್ ಬೇಕೇ ಬೇಕು ಅನ್ನುವವರಿದ್ದಾರೆ. ಎಫ್‌ಎಂ ಪ್ರಸಾರವೇ 15 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಇಲ್ಲದ್ದನ್ನು ಹಿಡಿಯುವುದಕ್ಕೆ ಸುಮ್ನೆ ಡಿಸ್ಕ್ ತುಂಬಿಸುವುದು ಯಾಕೆ?

ಎಲ್ಲಕ್ಕಿಂತ ಮುಖ್ಯವಾದದ್ದು ಟೇಪನ್ನು ಓದುವ ಹೆಡ್ಡಿನ ಓರೆ. ಅಜಿಮತ್ ಅಂತಾರೆ. ಒಂದು ಡೆಕ್ಕಿನಲ್ಲಿ ಮಾಡಿದ ಟೇಪನ್ನು ಇನ್ನೊಂದರಲ್ಲಿ ಹಾಕಿದರೆ ದನಿ ಮಂಕಾಗಿ ಕೇಳುವುದು ಬಹಳ ಸಲ ಇದರಿಂದಲೇ. ಟೇಪು ಹಾಳಾಗಿದೆ ಅಂತ ಜನ ಎಸೆದುಬಿಡುತ್ತಾರೆ. ಕ್ಯಾಸೆಟ್ ಕೂರುವ ಬಾಗಿಲಿನ ಮುಂಪಟ್ಟಿ ತೆಗೆದರೆ ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಕಾಣುತ್ತದೆ. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರ್ ಬೇಕು. ಸುಯ್ ಸದ್ದು ತಗ್ಗಿಸುವ ಡಾಲ್ಬಿ ಆಫ್ ಮಾಡಿ, ಎರಡೂ ಚಾನೆಲ್ ಸೇರಿಸಿ ಮೋನೋ ಮಾಡಿ, ಟೇಪು ಓಡುತ್ತಿರುವಾಗಲೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಡ್ರಮ್ಸ್ ಜೊತೆಗಿರುವ ಲೋಹದ ತಾಳದ, ಅಂದರೆ ಸಿಂಬಲ್ ಸದ್ದು ಕೇಳಿ ಹೊಂದಿಸಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಿವಿಗೆ ಮಾತೇ ವಾಸಿ. 1940ರ ದಶಕದ ತಟ್ಟೆಗಳಲ್ಲಿ ಸಿಂಬಲ್ಲೇ ಸರಿಯಾಗಿ ಕೇಳುವುದಿಲ್ಲ, ಆದರೆ ಸ್ಟುಡಿಯೋ ಮೈಕಿನಲ್ಲಿ ಆಡಿದ ಮಾತಿನಲ್ಲಿ ಸ, ಶ ಚೊಕ್ಕವಾಗಿರುತ್ತವೆ. ಓರೆ ತಪ್ಪಿದ್ದರೆ 'ಸೆಷನ್' ಅನ್ನುವ ಪದದ ಸ ತೊದಲಿದಂತೆ ಬರುತ್ತದೆ. ತಿರುಗಿಸುತ್ತಾ ಹೋದಂತೆ ಒಂದು ಜಾಗದಲ್ಲಿ ಚುರುಕ್ಕನೆ ತೆರೆದುಕೊಳ್ಳುತ್ತದೆ. ಮುಂದೆ ಹೋದರೆ ಮತ್ತೆ ಮಂಕು. ಆ ಜಾಗಕ್ಕೆ ವಾಪಸ್ ಬಂದು ನಿಲ್ಲಿಸಬೇಕು. ಆಟೋ ರಿವರ್ಸ್‌ನಲ್ಲಿ ಮಾಡಿದ ಟೇಪಾದರೆ ಎರಡನೇ ಬದಿಗೆ ಮತ್ತೆ ಹೊಸದಾಗಿ ಹೊಂದಿಸಬೇಕು, ಯಾಕಂದರೆ ತಿರುಗಿದ ಮೇಲೆ ಓರೆ ಬೇರೆಯೇ ಆಗಿರುತ್ತದೆ.

ಇದಾದ ಮೇಲೆ ಡಾಲ್ಬಿ. ರೆಕಾರ್ಡ್ ಮಾಡುವಾಗ ಡಾಲ್ಬಿ ಬಿ ಹಾಕಿದ್ದರೆ ಮಾತ್ರ ಈಗಲೂ ಹಾಕಬೇಕು. ಎಫ್‌ಎಂ ಸ್ಟೀರಿಯೋ ಜೊತೆ 19 ಕಿಲೋಹರ್ಟ್ಸ್‌ನ ಒಂದು ಪೈಲಟ್ ಸ್ವರ ಬರುತ್ತದೆ. ಅದು ನುಸುಳಿದರೆ ಡಾಲ್ಬಿ ಲೆಕ್ಕ ತಪ್ಪುತ್ತದೆ. ಹಳೇ ಡೆಕ್ಕುಗಳಲ್ಲಿ 'ಎಂಪಿಎಕ್ಸ್' ಅಂತ ಒಂದು ಸ್ವಿಚ್ ಇರುತ್ತಿತ್ತಲ್ಲ, ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ, ಅದು ಇದ್ದದ್ದು ಈ ಸ್ವರವನ್ನು ತಡೆಯುವುದಕ್ಕೆ. ಇಳಿಸಿದ ಮೇಲೆ ಕಂಪ್ಯೂಟರಿನಲ್ಲಿ ಸುಯ್‌ಗುಟ್ಟುವಿಕೆ ತೆಗೆಯುವ ಆಸೆ ಬರುತ್ತದೆ. ನಾನು ತೆಗೆಯುವುದಿಲ್ಲ. ಜಾಸ್ತಿ ಉಜ್ಜಿದರೆ ಮಾತಿನ ಅಂಚೇ ಕರಗಿಹೋಗುತ್ತದೆ.

ಆಮೇಲೆ ತಾರೀಕು ಹುಡುಕುವ ಕೆಲಸ. ನನಗೆ ಬಹಳ ಖುಷಿ ಕೊಡುವುದು ಇದೇ. ಹಿರಿಯರ ಡಬ್ಬದಲ್ಲಿ ಒಂದು ಕ್ಯಾಸೆಟ್ಟಿನ ಮೇಲೆ 'ಡಬ್ಲ್ಯುಬಿಜಿಓ' ಅಂತ ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಅದೊಂದರಲ್ಲಿ ಮಾತು ಹಾಗೇ ಉಳಿದಿತ್ತು. ಅನೌನ್ಸರ್ "ಗುರುವಾರ, ಆಗಸ್ಟ್ 29" ಅನ್ನುತ್ತಾರೆ. ಪಾರ್ಕರ್ ಹುಟ್ಟಿದ ದಿನ ಅದು. ಡಬ್ಲ್ಯುಬಿಜಿಓ ಜಾಝ್ ಶುರುಮಾಡಿದ ಮೇಲೆ, ಶತಮಾನ ಮುಗಿಯುವುದರೊಳಗೆ, ಆಗಸ್ಟ್ 29 ಗುರುವಾರ ಬಿದ್ದದ್ದು 1985, 1991, 1996ರಲ್ಲಿ ಮಾತ್ರ. ಸ್ವಲ್ಪ ಹೊತ್ತಿಗೆ ಕ್ಲಬ್ಬುಗಳ ಪಟ್ಟಿ ಓದುತ್ತಾರೆ. ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಸೋಮವಾರ ಎಂದಿನಂತೆ ಬಿಗ್ ಬ್ಯಾಂಡ್, ಡ್ರಮ್ಸ್‌ಗೆ ಮೆಲ್ ಲೂಯಿಸ್. 1966ರಿಂದ ಆ ಸೋಮವಾರದ ಪದ್ಧತಿ ನಡೆದುಬಂದಿದೆ. ಮೆಲ್ ಲೂಯಿಸ್ ತೀರಿಕೊಂಡದ್ದು 1990ರ ಫೆಬ್ರವರಿಯಲ್ಲಿ. ಅಲ್ಲಿಗೆ ಉಳಿದದ್ದು 1985 ಒಂದೇ.

ಸ್ಟೇಷನ್ನಿನವರು ಕೇಳುಗರಿಂದ ಚಂದಾ ಎತ್ತುವ ವಾರದ ಟೇಪುಗಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ದುಡ್ಡು ಕೊಡಿ, ದುಡ್ಡು ಕೊಡಿ ಅಂತ ಗೋಗರೆಯುವುದನ್ನು ಯಾರು ಕೇಳುತ್ತಾರೆ, ಅಲ್ವಾ? ನನಗೆ ಮಾತ್ರ ಅವು ಬೇಕು. ಐದೈದು ನಿಮಿಷಕ್ಕೆ ಫೋನ್ ನಂಬರ್ ಹೇಳುತ್ತಾರೆ, ಅದರಿಂದ ಟೇಪಿನ ಕಾಲ ಊಹಿಸಬಹುದು. ನ್ಯೂಅರ್ಕ್‌ನ ಕೋಡ್ 1997ರವರೆಗೆ 201, ಆಮೇಲೆ 973. ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟುಹಬ್ಬದ ಟೇಪಾದರೆ ಇನ್ನೊಂದು ತೊಡಕು. ಅವರು ತಾನು ಜುಲೈ 4ರಂದು ಹುಟ್ಟಿದ್ದು ಅಂತ ಹೇಳಿಕೊಂಡು ಬಂದರು, ಚರ್ಚಿನ ದಾಖಲೆ ಸಿಕ್ಕಾಗ 1901ರ ಆಗಸ್ಟ್ 4 ಅಂತಿತ್ತು. ಡಬ್ಲ್ಯುಕೆಸಿಆರ್‌ನವರು ಎರಡೂ ದಿನ ಆಚರಿಸುತ್ತಾರೆ. ಟೇಪಿನಲ್ಲಿ ಸೆಖೆಯ ಮಾತು ಬಂದರೂ ಯಾವ ತಿಂಗಳು ಅಂತ ಗೊತ್ತಾಗುವುದಿಲ್ಲ.

ಇವನ್ನು ನಾನು ನೆಟ್ಟಿಗೆ ಹಾಕಿಲ್ಲ. ಹಕ್ಕು ನನ್ನದಲ್ಲ. ಹಿರಿಯರ ಡಬ್ಬದ ಪ್ರತಿಯನ್ನು ಅವರ ಮಗಳಿಗೆ ಒಂದು ಡ್ರೈವ್‌ನಲ್ಲಿ ಕೊಟ್ಟೆ. ಒಂದು ಟೇಪಿನಲ್ಲಿ ಹಾಡಿನ ಹಿಂದೆ ನಾಯಿ ಬೊಗಳುತ್ತದೆ. ಅದು ತಮ್ಮ ಮನೆಯ ನಾಯಿಯೇ, ಅಪ್ಪ ರೇಡಿಯೋ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿದ್ದರು ಅಂತ ಆಕೆ ಹೇಳಿದರು.

ಇನ್ನು ಉಳಿದಿರುವುದು ಸಿ-120 ಕ್ಯಾಸೆಟ್ಟುಗಳು. ರೀಲು ಬಹಳ ತೆಳು, ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಂಡು, ಮಾತು ಶುರುವಾಗುವ ಮೊದಲೇ ಅದರ ಪಿಸುದನಿ ಕೇಳುತ್ತದೆ. ನನ್ನ ಡೆಕ್ಕು ಆ ತೆಳು ರೀಲನ್ನೇ ಎಳೆದು ನುಂಗಿಬಿಡುತ್ತದೆ. ಮೆತ್ತಗೆ ಎಳೆಯುವ ಡೆಕ್ಕೊಂದನ್ನು ಹುಡುಕುತ್ತಿದ್ದೇನೆ. ಸಿಗುವವರೆಗೆ ಅವುಗಳ ಹಿಂದಿನ ಪ್ಲಾಸ್ಟಿಕ್ ಚೂರು ಮುರಿದು, ಯಾರೂ ಅಳಿಸದ ಹಾಗೆ ಮಾಡಿ, ನಿಲ್ಲಿಸಿ ಇಟ್ಟಿದ್ದೇನೆ.