ಹೊಸ ಬ್ಯಾಟಿಗೆ ಆರು ಗಂಟೆ ಪೆಟ್ಟು

ನನ್ನ ಮೊದಲ ಇಂಗ್ಲಿಷ್ ವಿಲ್ಲೋ ಬ್ಯಾಟು ಎರಡನೇ ದಿನದ ನೆಟ್ಸ್‌ನಲ್ಲೇ ಸೀಳಿತು. ಕಾಲ ಬುಡಕ್ಕೆ ಬೀಳುವ ಯಾರ್ಕರ್ ಚೆಂಡೊಂದು ಬ್ಯಾಟಿನ ಬುಡಕ್ಕೆ ಬಡಿಯಿತು, ಬೆರಳುದ್ದದ ಬಿರುಕು ಬಂತು. ‘ಆಡಲು ಸಿದ್ಧ’ ಅಂತ ಸ್ಟಿಕ್ಕರ್ ಇತ್ತಲ್ಲ, ಮತ್ತೇಕೆ ನಾಕಿಂಗ್, ಅಂದರೆ ಆಡುವ ಮೊದಲು ಬ್ಯಾಟನ್ನು ಬಡಿದು ಹದ ಮಾಡುವ ಕೆಲಸ, ಅಂದುಕೊಂಡಿದ್ದೆ. ಸೋಮಾರಿತನಕ್ಕೆ ಒಂದು ನೆಪ, ಅಷ್ಟೇ.

ವಿಲ್ಲೋ ಮೆದು ಮರ. ತಯಾರಿಸುವಾಗ ಯಂತ್ರದಲ್ಲಿ ಒತ್ತಿರುತ್ತಾರೆ, ಆದರೆ ಅದೊಂದೇ ಸಾಲದು. ಎದುರಿಗೆ ಬರುವುದು 160 ಗ್ರಾಂ ಆಸುಪಾಸಿನ ಗಟ್ಟಿ ಲೆದರ್ ಬಾಲ್. ಮೇಲ್ಪದರದ ನಾರುಗಳು ಬಡಿಸಿಕೊಂಡು ಬಡಿಸಿಕೊಂಡು ಬಿಗಿಯಾಗಬೇಕು.

ಎರಡನೇ ಬ್ಯಾಟಿಗೆ ಮೊದಲು ಎಣ್ಣೆ ಹಚ್ಚಿದೆ. ಕುದಿಸದ ಹಸಿ ಅಗಸೆ ಎಣ್ಣೆ, ಎರಡು ಟೀ ಚಮಚದಷ್ಟು. ಬಟ್ಟೆಯಲ್ಲಿ ಅದ್ದಿ ಮುಖಕ್ಕೆ, ಎಡ್ಜ್‌ಗಳಿಗೆ (ಪಕ್ಕದ ಅಂಚುಗಳಿಗೆ), ಬುಡಕ್ಕೆ ತೆಳ್ಳಗೆ ಸವರಿದೆ. ಹಿಡಿ ಸೇರುವ ಸ್ಪ್ಲೈಸ್ ಕಡೆ ಹೋಗಲಿಲ್ಲ, ಅಲ್ಲಿ ಅಂಟು ಹಾಕಿರುತ್ತಾರೆ. ನಿಲ್ಲಿಸಿದರೆ ಎಣ್ಣೆ ಬುಡಕ್ಕೆ ಇಳಿಯುತ್ತದೆ, ಹಾಗಾಗಿ ಒಂದು ದಿನ ಮಲಗಿಸಿಟ್ಟೆ. ಮತ್ತೊಂದು ಸಲ ಹಚ್ಚಿದೆ, ಸಾಕು. ಎಣ್ಣೆ ಜಾಸ್ತಿಯಾದರೆ ಬ್ಯಾಟು ಭಾರವಾಗುತ್ತದೆ, ಚೆಂಡು ಚಿಮ್ಮುವುದಿಲ್ಲ.

ಆಮೇಲೆ ಮ್ಯಾಲೆಟ್, ಅಂದರೆ ಮರದ ಸುತ್ತಿಗೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ. ಮೊದಲ ದಿನಗಳಲ್ಲಿ ಬಾಗಿಲು ತಟ್ಟಿದಷ್ಟೇ ಮೆಲ್ಲಗೆ, ನಂತರ ಸ್ವಲ್ಪ ಸ್ವಲ್ಪ ಜೋರು. ಮನೆಯವರಿಗೆ ತಲೆ ಚಿಟ್ಟು ಹಿಡಿಯಿತು, ನನಗೂ ಬೇಜಾರು ಬಂತು. ಹೆಚ್ಚಿನವರು ನಡುಭಾಗಕ್ಕೇ ಬಾರಿಸುತ್ತಾರೆ. ಒಡೆಯುವುದು ಎಡ್ಜ್ ಮತ್ತು ಬುಡ! ನಾನು ಅರ್ಧಕ್ಕಿಂತ ಹೆಚ್ಚು ಹೊತ್ತು ಎಡ್ಜ್‌ಗೇ ಕೊಟ್ಟೆ. ಅದಕ್ಕೆ ನೇರ ಹೊಡೆಯಬಾರದು. ಮುಖದಿಂದ 45 ಡಿಗ್ರಿ ಓರೆಯಾಗಿ ಹೊಡೆಯುತ್ತ ಹೋದರೆ ಚೂಪು ಮೂಲೆ ಗುಂಡಗಾಗುತ್ತದೆ. ಬುಡದ ಹತ್ತಿರ ಮುಖದ ಮೇಲೆ ಹೊಡೆದೆ, ಅಡಿಯಿಂದ ಒಮ್ಮೆಯೂ ಇಲ್ಲ. ಬ್ಯಾಟಿನ ಬೆನ್ನನ್ನು ಮುಟ್ಟಲೇ ಇಲ್ಲ.

ಮೂರು ವಾರ ಹಿಡಿಯಿತು, ಲೆಕ್ಕ ಹಾಕಿದರೆ ಸುಮಾರು ಆರು ಗಂಟೆ. ಮೊದಲು ‘ಡಬ್’ ಅನ್ನುತ್ತಿದ್ದ ಬ್ಯಾಟು ‘ಟಕ್’ ಅನ್ನತೊಡಗಿತು. ಶಬ್ದವೊಂದನ್ನೇ ನಂಬಲಿಲ್ಲ. ಗೆಳೆಯನಿಂದ ಹಳೆಯ ಲೆದರ್ ಬಾಲ್ ಮೆಲ್ಲಗೆ ಎಸೆಸಿಕೊಂಡು ಹೊಡೆದು ನೋಡಿದೆ. ಎಡ್ಜ್ ಹತ್ತಿರ ಚೆಂಡಿನ ಹೊಲಿಗೆಯ (ಸೀಮ್) ಅಚ್ಚು ಒಳಕ್ಕೆ ಒತ್ತಿಕೊಂಡಿತ್ತು. ಅಂದರೆ ಕೆಲಸ ಮುಗಿದಿಲ್ಲ, ವಾಪಸ್ ಮ್ಯಾಲೆಟ್. ಸಿಟ್ಟು ಬಂತು, ನಿಜ.

ನಾಲ್ಕು ದಿನ ಬಿಟ್ಟು ಮತ್ತೆ ನೋಡಿದಾಗ ಅಚ್ಚು ಬೀಳಲಿಲ್ಲ. ಬುಡಕ್ಕೆ ಟೋ ಗಾರ್ಡ್ ಅನ್ನುವ ರಕ್ಷಣೆಯ ಪಟ್ಟಿ ಅಂಟಿಸಿದೆ. ಒದ್ದೆ ಹುಲ್ಲಿನ ಮೇಲೆ ಬ್ಯಾಟು ಊರಿ ನಿಂತರೆ ಬುಡ ನೀರು ಹೀರಿ ಊದಿಕೊಳ್ಳುತ್ತದೆ, ಅದಕ್ಕೆ ಇದು. ಮೊದಲ ಎರಡು ನೆಟ್ಸ್ ಹಳೆಯ ಚೆಂಡಿನಲ್ಲೇ ಆಡಿದೆ. ಬೌಲರ್‌ಗಳಿಗೆ ‘ಯಾರ್ಕರ್ ಬೇಡ ಕಣ್ರೋ’ ಅಂತ ಮೊದಲೇ ಹೇಳಿದ್ದೆ. ಒಬ್ಬ ಬೇಕಂತಲೇ ಹಾಕಿದ. ಬ್ಯಾಟು ಎತ್ತಿ ಬಿಟ್ಟೆ, ಸ್ಟಂಪ್ ಹಾರಿತು. ಹಾರಲಿ ಬಿಡಿ.