ಕೋಳಿ ಮುಟ್ಟಿದ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಬೇಡಿ

ಕೋಳಿ ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು, ನೀರು ಜೋರಾಗಿ ಬಿಟ್ಟು ಬಡಬಡ ತೊಳೆಯುವುದನ್ನು ಈಗಿನ ಮಕ್ಕಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ಸಿಂಕಿನ ಪಕ್ಕದಲ್ಲೇ ತೊಳೆದಿಟ್ಟ ಲೋಟಗಳು. ಆಚೆ ಬದಿಯಲ್ಲಿ ಹೆಚ್ಚಿಟ್ಟ ಮುಳ್ಳುಸೌತೆ. ನೀರು ಹಾರಿ ಎಲ್ಲದರ ಮೇಲೂ ಬೀಳುತ್ತದೆ. ಆಮೇಲೆ ಅದೇ ಕೈ ಉಪ್ಪಿನ ಡಬ್ಬಿಗೆ, ಅದೇ ಕೈ ಫ್ರಿಜ್ಜಿನ ಬಾಗಿಲಿಗೆ, ನಡುವೆ ಫೋನ್ ಬಂದರೆ ಅದೇ ಕೈ ಫೋನಿಗೆ. ನೋಡಿ ನೋಡಿ ಸಾಕಾಗಿದೆ. ಹೇಳಿದರೆ "ಹೇಗೂ ಬೇಯಿಸ್ತೇವಲ್ಲ ಅತ್ತೆ" ಎನ್ನುತ್ತಾರೆ. ಕೋಳಿಯನ್ನು ಬೇಯಿಸುತ್ತೀರಿ, ಸರಿ. ಮುಳ್ಳುಸೌತೆಯನ್ನು ಬೇಯಿಸುತ್ತೀರಾ?

ಮೊದಲಿನಂತೆ ಈಗಿಲ್ಲ, ಅದಕ್ಕೇ ಇಷ್ಟು ಹೇಳುವುದು. ಫಾರಂ ಕೋಳಿಗೆ ರೋಗ ಬಾರದಿರಲಿ, ಬೇಗ ತೂಕ ಬರಲಿ ಎಂದು ಮೇವಿನಲ್ಲಿ, ನೀರಿನಲ್ಲಿ ಆಂಟಿಬಯೋಟಿಕ್, ಅಂದರೆ ಕ್ರಿಮಿ ಕೊಲ್ಲುವ ಔಷಧಿ, ಕೊಡುವ ಅಭ್ಯಾಸ ಎಷ್ಟೋ ಕಾಲದಿಂದ ಉಂಟು. ತೂಕಕ್ಕಾಗಿ ಕೊಡುವುದನ್ನು ಯುರೋಪಿನವರು 2006ರಲ್ಲೇ ನಿಲ್ಲಿಸಿದರು. ನಮ್ಮಲ್ಲಿ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿಗೆ ಕೊಡಬಾರದು ಎಂದು ಕೇಂದ್ರ ಸರಕಾರ ಆದೇಶ ಮಾಡಿದ್ದು 2019ರಲ್ಲಿ. ಬೇರೆ ಯಾವ ಔಷಧಿಯೂ ಹಿಡಿಯದಾಗ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವಂಥದ್ದು ಅದು. ಅದನ್ನು ಕೋಳಿ ಮೇವಿಗೆ ಹಾಕುತ್ತಿದ್ದರು! ಔಷಧಿಗೆ ಸೋಲುವ ಕ್ರಿಮಿ ಸಾಯುತ್ತದೆ. ಸೋಲದ್ದು ಉಳಿದು, ಅದರ ಸಂತಾನವೇ ಹೆಚ್ಚುತ್ತದೆ. ಕೋಳಿ ಕೊಯ್ಯುವಾಗ ಕರುಳಿನಲ್ಲಿದ್ದದ್ದು ಮಾಂಸಕ್ಕೆ ತಾಗುತ್ತದೆ. ಅಂಗಡಿಯಲ್ಲಿ ಒಂದೇ ಕೊರಡು, ಒಂದೇ ಕತ್ತಿ. ಒಂದು ಕೋಳಿಯದ್ದು ಇನ್ನೊಂದಕ್ಕೆ. ಊರ ಕೋಳಿಯಾದರೆ ಭಯವಿಲ್ಲ ಎಂದು ತಿಳಿಯಬೇಡಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಕ್ರಿಮಿ ಅದರ ಹೊಟ್ಟೆಯಲ್ಲೂ ಇರಬಹುದು.

ಆದರೆ ಔಷಧಿಗೆ ಜಗ್ಗದ ಕ್ರಿಮಿಯೂ ಬೆಂಕಿಗೆ ಜಗ್ಗುತ್ತದೆ. ಮಾಂಸದ ಒಳಗೆ 74 ಡಿಗ್ರಿ ಬಿಸಿ ಮುಟ್ಟಿದರೆ ಅದರ ಕಥೆ ಮುಗಿಯಿತು. ಕೊತಕೊತ ಕುದಿಯುವ ಪದಾರ್ಥದಲ್ಲಿ, ಎಲುಬಿನ ಬುಡದ ತನಕ ಬೆಂದ ತುಂಡಿನಲ್ಲಿ ಅದು ಉಳಿಯುವುದಿಲ್ಲ. ಉಳಿಯುವುದು ನಿಮ್ಮ ಕೈಯಲ್ಲಿ, ಮಣೆಯಲ್ಲಿ, ಡಬ್ಬಿಯ ಮುಚ್ಚಳದಲ್ಲಿ. 2022ರ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಂದು ಹುಡುಗಿ ತೀರಿಕೊಂಡಿತಲ್ಲ, ಓದುವ ಮಗು. ಆಗ ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ಶವರ್ಮಾದಲ್ಲಿ ಮಾತ್ರ ಅಲ್ಲ, ಒಳ್ಳೆಮೆಣಸಿನ (ಕಾಳುಮೆಣಸಿನ) ಪುಡಿಯಲ್ಲೂ ಸಾಲ್ಮೊನೆಲ್ಲಾ ಸಿಕ್ಕಿತ್ತು. ಪುಡಿಯಲ್ಲಿ! ಅದು ಕೇಳಿದ ಮೇಲೂ ಕೋಳಿ ಕೈಯನ್ನು ಡಬ್ಬಿಗೆ ಹಾಕುತ್ತೀರಿ ಅಂದರೆ ಏನು ಹೇಳಲಿ ಮಾರಾಯ್ತಿ?

ನಾನು ಮಾಡುವ ಕ್ರಮ ಹೇಳುತ್ತೇನೆ. ಬಲಗೈ ಕೋಳಿಗೆ, ಎಡಗೈ ಮನೆಗೆ. ಕೋಳಿಯ ತೊಟ್ಟೆ (ಪ್ಲಾಸ್ಟಿಕ್ ಚೀಲ) ಮನೆಗೆ ಬಂದ ಕೂಡಲೇ ಬಿಚ್ಚಬಾರದು. ಒಂದು ಬೋಗುಣಿಯಲ್ಲಿಟ್ಟು ಮುಚ್ಚಿ. ಮೊದಲು ಹಸಿಯಾಗಿ ತಿನ್ನುವುದನ್ನೆಲ್ಲ ಮುಗಿಸಿ. ಈರುಳ್ಳಿ, ಮುಳ್ಳುಸೌತೆ, ಕೊತ್ತಂಬರಿ ಸೊಪ್ಪು ಹೆಚ್ಚಿ, ಮುಚ್ಚಿ, ಅಡುಗೆಮನೆಯಿಂದಲೇ ಆಚೆ ಇಡಿ. ಮಸಾಲೆ ಅರೆದು ಬೇರೆ ಪಾತ್ರೆಗೆ ತೆಗೆಯಿರಿ. ಇನ್ನು ಗೆರಟೆ. ತೆಂಗಿನಕಾಯಿ ತುರಿದಾದ ಗೆರಟೆಗಳನ್ನು ನಾನು ಬಿಸಾಡುವುದಿಲ್ಲ. ಒಂದರಲ್ಲಿ ಬೇಕಾದಷ್ಟು ಉಪ್ಪು, ಇನ್ನೊಂದರಲ್ಲಿ ಅರಸಿನ, ಮತ್ತೊಂದರಲ್ಲಿ ಒಳ್ಳೆಮೆಣಸಿನ ಪುಡಿ ಹಾಕಿಟ್ಟು, ಡಬ್ಬಿಗಳನ್ನೆಲ್ಲ ಕಪಾಟಿಗೆ ಸೇರಿಸಿ ಬಾಗಿಲು ಮುಚ್ಚುತ್ತೇನೆ. ಕೆಲಸ ಮುಗಿದ ಮೇಲೆ ಗೆರಟೆ ಬಚ್ಚಲ ಒಲೆಗೆ. ಒಳಗೆ ಉಳಿದ ಚಿಟಿಕೆ ಉಪ್ಪೂ ಒಲೆಗೇ ಹೋಗಲಿ, ವಾಪಸ್ ಡಬ್ಬಿಗೆ ಸುರಿಯುವ ಜಿಪುಣತನ ಬೇಡ. ಒಲೆ ಇಲ್ಲದವರು ಒಂದು ತಟ್ಟೆಯಲ್ಲಿ ಹಾಕಿಟ್ಟುಕೊಳ್ಳಿ, ಆಮೇಲೆ ತೊಳೆದರಾಯಿತು.

ಈಗ ಉಂಗುರ ತೆಗೆಯಿರಿ, ಬಳೆ ಮೇಲೆ ಸರಿಸಿ. ತೊಟ್ಟೆಯ ಬಾಯಿ ಕತ್ತರಿಸಿ ತುಂಡುಗಳನ್ನು ಬೋಗುಣಿಗೆ ಜಾರಿಸಿ. ಅಂಗಡಿಯವರು ಚೆನ್ನಾಗಿ ಮಾಡಿಕೊಟ್ಟಿದ್ದರೆ ತೊಳೆಯುವ ಅಗತ್ಯವೇ ಇಲ್ಲ. ಗರಿಯ ಬುಡ, ಎಲುಬಿನ ಚೂರು ಇದ್ದರೆ ಮಾತ್ರ ತುಂಡು ಮುಳುಗುವಷ್ಟು ನೀರು ಮೆಲ್ಲ ಹಾಕಿ, ನೀರಿನ ಒಳಗೇ ಬಲಗೈಯಲ್ಲಿ ತಿರುಗಿಸಿ ಆರಿಸಿ. ಚಿಮ್ಮಬಾರದು. ಆ ನೀರನ್ನು ಹೊರಗಿನ ಬಚ್ಚಲಿಗೆ, ನೆಲಕ್ಕೆ ತಾಗಿಸಿ ನಿಧಾನ ಚೆಲ್ಲಿ. ಅರಸಿನ, ಲಿಂಬೆ ಹಚ್ಚಿದರೆ ಕ್ರಿಮಿ ಸಾಯುತ್ತದೆ ಎಂದು ಸುಮ್ನೆ ನಂಬಬೇಡಿ. ವಾಸನೆ ಹೋಗುತ್ತದೆ, ಅಷ್ಟೇ. ಉಪ್ಪು ಸರಿಯಾಯಿತಾ ಎಂದು ಹಸಿ ಮಸಾಲೆಯನ್ನು ನಾಲಗೆಗೆ ಹಚ್ಚುವವರನ್ನೂ ನೋಡಿದ್ದೇನೆ. ಕುದಿ ಬಂದ ಮೇಲೆ ನೋಡಿದರೆ ಏನು ಕಳೆದುಹೋಗುತ್ತದೆ? ಇಷ್ಟು ಹೊತ್ತೂ ಎಡಗೈ ಕೋಳಿಗೆ ತಾಗಲೇಬಾರದು. ನಲ್ಲಿ, ಮುಚ್ಚಳ, ಗ್ಯಾಸಿನ ತಿರುಪು, ಎಲ್ಲ ಎಡಗೈಯದ್ದು. ಮುಗಿದಾಗ ಎಡಗೈಯಲ್ಲಿ ನಲ್ಲಿ ತಿರುಗಿಸಿ, ಎರಡೂ ಕೈಯನ್ನು ಸಾಬೂನು ಹಾಕಿ ಉಗುರಿನ ಸಂದಿವರೆಗೂ ಉಜ್ಜಿ. ಒಂದು ಸಣ್ಣ ಶ್ಲೋಕ ಹೇಳಿ ಮುಗಿಯುವಷ್ಟು ಹೊತ್ತಾದರೂ ಉಜ್ಜಬೇಕು.

ನಮ್ಮ ಅತ್ತೆಯ ಕಾಲದಲ್ಲಿ ಮೀನು, ಮಾಂಸಕ್ಕೆಂದೇ ಬೇರೆ ಮೆಟ್ಟುಕತ್ತಿ ಇತ್ತು, ಹಿಂಬದಿಯ ಜಗಲಿಯಲ್ಲಿ. ಅದನ್ನು ಒಳಗೆ ತಂದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಮಣ್ಣಿನ ಅಳಗೆಯೂ ಬೇರೆ. ಆಟಿ ತಿಂಗಳ ಮಳೆಗಾಲದಲ್ಲಿ ನೆಂಟರು ಬಂದರೆ ಕೋಳಿ ಕೊಯ್ದು, ಆಗಲೇ ಬೇಯಿಸಿ, ರೊಟ್ಟಿಯ ಜೊತೆ ಆ ಹೊತ್ತಿಗೇ ಮುಗಿಸುತ್ತಿದ್ದೆವು. ಉಳಿಸಿ ಇಡಲು ಫ್ರಿಜ್ಜೇ ಇರಲಿಲ್ಲ. ಆಗ ಆ ಕಟ್ಟುನಿಟ್ಟು ನಮಗೆ ಜಾಸ್ತಿ ಅನಿಸುತ್ತಿತ್ತು. ಈಗ ನಾನು ಕೋಳಿಗೆ ಬೇರೆ ಮಣೆ, ಬೇರೆ ಚೂರಿ ಇಟ್ಟಿದ್ದೇನೆ. ಸಾಬೂನು ಹಾಕಿ ತೊಳೆದು, ಮೇಲಿಂದ ಕುದಿಯುವ ನೀರು ಹೊಯ್ದು, ಬಿಸಿಲಿಗೆ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಒಲೆಯ ಹತ್ತಿರ. ಉಳಿದ ಬಿಸಿನೀರು ಮಸಿಬಟ್ಟೆಗೆ. ಒದ್ದೆ ಮಸಿಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವವರೇ ಒಗೆದ ಬಟ್ಟೆಯನ್ನೂ ಮೆಷಿನಿನಲ್ಲಿ ಸಂಜೆವರೆಗೆ ಬಿಟ್ಟು, "ಮುಗ್ಗಲು ವಾಸನೆ" ಎಂದು ಸಾಬೂನು ಪುಡಿಗೆ ಬೈಯುವುದು. ಒಗೆದ ಕೂಡಲೇ ಕೊಡವಿ ಹರವಿ, ವಾಸನೆ ಎಲ್ಲಿಂದ ಬರುತ್ತದೆ ನೋಡೋಣ.

ಫ್ರಿಜ್ಜಿನಲ್ಲಿ ಹಸಿ ಕೋಳಿ ಮುಚ್ಚಳದ ಪಾತ್ರೆಯಲ್ಲಿ, ಎಲ್ಲಕ್ಕಿಂತ ಕೆಳಗೆ ಇರಲಿ. ಹೆಪ್ಪುಗಟ್ಟಿದ್ದನ್ನು ಕರಗಿಸುವುದೂ ಫ್ರಿಜ್ಜಿನ ಒಳಗೇ, ಕಟ್ಟೆಯ ಮೇಲೆ ಇಡೀ ದಿನ ಇಟ್ಟಲ್ಲ. ಬೆಂದ ಪದಾರ್ಥವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ನಮ್ಮ ಮೇ ತಿಂಗಳ ಸೆಕೆಗೆ ಒಂದೇ ಗಂಟೆ. ಮಾರನೇ ದಿನ ಬಿಸಿ ಮಾಡುವುದೆಂದರೆ ಅಂಚಿನಲ್ಲಿ ಹೊಗೆಯಾಡಿದರೆ ಸಾಲದು, ನಡುವೆಯೂ ಕುದಿಯಬೇಕು.

ಹೊಟ್ಟೆ ಕೆಟ್ಟರೆ ಕಳೆದ ಸಲ ಉಳಿದ ಮಾತ್ರೆ ಹುಡುಕಬೇಡಿ. ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ನುಂಗುವಂಥದ್ದಲ್ಲ. ಆಂಟಿಬಯೋಟಿಕ್ ಸುಮ್ಮನೆ ನುಂಗಿದರೆ ಕೋಳಿ ಫಾರಮಿನಲ್ಲಿ ಆದದ್ದು ನಮ್ಮ ಹೊಟ್ಟೆಯಲ್ಲೂ ಆಗುತ್ತದೆ. ಓಆರ್‌ಎಸ್ ನೀರು, ಉಪ್ಪು ಹಾಕಿದ ಗಂಜಿ ತಿಳಿ ಕುಡಿಯುತ್ತಾ ಇರಿ. ರಕ್ತ ಹೋದರೆ, ಜ್ವರ ಏರಿದರೆ, ಮಕ್ಕಳು ಮೂತ್ರ ಮಾಡದೆ ಸೊರಗಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಏನು ತಿಂದದ್ದು, ಯಾವಾಗ ತಿಂದದ್ದು ಎಂದು ಅಲ್ಲಿ ಸರಿಯಾಗಿ ಹೇಳಿ.