ಅರ್ಥಿಂಗ್ ಗುಂಡಿ ಮೊದಲು, ಎಲೆಕ್ಟ್ರಿಕ್ ಪಿಕಪ್ ಆಮೇಲೆ

ಹೊಸ ಎಲೆಕ್ಟ್ರಿಕ್ ಪಿಕಪ್ ಅಂಗಳಕ್ಕೆ ಬಂತು, ಪೂಜೆ ಆಯಿತು, ಚಕ್ರದ ಕೆಳಗೆ ಲಿಂಬೆಹಣ್ಣೂ ಒಡೆಯಿತು. ರಾತ್ರಿ ಚಾರ್ಜಿಗೆ ಹಾಕಿದರೆ ಚಾರ್ಜರ್ ಡಬ್ಬಿಯ ಮೇಲೆ ಕೆಂಪು ದೀಪ. ವೈರ್‌ಮನ್ ಬರುತ್ತಾನೆ, ಸಾಕೆಟ್ ಬಿಚ್ಚುತ್ತಾನೆ, ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ತಂತಿ) ಅರ್ಥ್ ಪಿನ್ನಿಗೆ (ನೆಲಕ್ಕೆ ಜೋಡಿಸಬೇಕಾದ ಪಿನ್) ನಾಲ್ಕು ಬೆರಳಷ್ಟು ವೈರ್ ತುಂಡು ಹಾಕಿ ಮುಚ್ಚುತ್ತಾನೆ. ದೀಪ ಹಸಿರು. ಚಹಾ ಕುಡಿದು ಹೋಗುತ್ತಾನೆ. ಈ ಲೇಖನ ಬರೆಯಬೇಕಾಗಿ ಬಂದದ್ದು ಆ ನಾಲ್ಕು ಬೆರಳಿನ ತುಂಡಿನಿಂದ. ಅದರ ಮಾತಿಗೆ ಆಮೇಲೆ ಬರೋಣ, ಮೊದಲು ಲೆಕ್ಕ.

ಎಷ್ಟು ಯೂನಿಟ್, ಯಾವ ಮೀಟರ್

ಟಾಟಾ ಏಸ್ ಇವಿಯನ್ನೇ ಉದಾಹರಣೆಗೆ ಹಿಡಿಯಿರಿ. ಬ್ಯಾಟರಿ 21.3 ಯೂನಿಟ್‌ನದು, ಕಂಪನಿ ಹೇಳುವುದು 154 ಕಿಲೋಮೀಟರ್. ತುಂಬಿದ ಲೋಡು, ನಮ್ಮ ರಸ್ತೆ, ನಮ್ಮ ಬಿಸಿಲು ಸೇರಿಸಿ ನೂರಕ್ಕೆ ಲೆಕ್ಕ ಇಟ್ಟುಕೊಂಡರೆ ದಾರಿಯಲ್ಲಿ ನಿಲ್ಲುವುದಿಲ್ಲ. ಖಾಲಿಯಿಂದ ತುಂಬ ಚಾರ್ಜ್ ಮಾಡಿದರೆ ಮೀಟರ್ ಓಡುವುದು 24 ಯೂನಿಟ್ ಆಸುಪಾಸು, ಏಕೆಂದರೆ ಚಾರ್ಜರ್ ಬಿಸಿಯಾಗಿ ಕಳೆಯುವುದೂ ನಿಮ್ಮ ಬಿಲ್ಲಿಗೇ ಬರುತ್ತದೆ. 3.3 ಕಿಲೋವ್ಯಾಟ್ ಎಳೆಯುವ ಚಾರ್ಜರ್ ಆದರೆ ಏಳು ತಾಸಿಗೆ ಮೇಲೆ.

ದಿನಕ್ಕೆ 20 ಯೂನಿಟ್, ತಿಂಗಳಿಗೆ 25 ದಿನ ಎಂದರೆ 500 ಯೂನಿಟ್. ಗೃಹಜ್ಯೋತಿಯ ಮಿತಿ 200. ಅದನ್ನು ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಡೀಸೆಲ್ ಉಳಿತಾಯದ ಲೆಕ್ಕ ಹಾಕುವಾಗ ಇದನ್ನು ಬಿಟ್ಟು ಹಾಕುವವರೇ ಹೆಚ್ಚು. ಗಾಡಿ ದುಡಿಮೆಯದಾದರೆ ಬೇರೆ ಮೀಟರ್ ತೆಗೆದುಕೊಳ್ಳಿ. ಇವಿ ಚಾರ್ಜಿಂಗಿಗೆ ರಾಜ್ಯದಲ್ಲಿ ಪ್ರತ್ಯೇಕ ದರದ ವರ್ಗವಿದೆ, ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಅದನ್ನೇ ಹೆಸರಿಟ್ಟು ಕೇಳಿ. ಮನೆ ಮೀಟರ್ ಮೇಲೇ ನಡೆಸುವುದಾದರೂ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಲೇಬೇಕು. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆಯುವ ಯೋಚನೆ ಮಾತ್ರ ಬೇಡ. ಬೇರೆ ಉದ್ದೇಶಕ್ಕೆ ಕೊಟ್ಟ ವಿದ್ಯುತ್ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದಂಡದ ಬಿಲ್ ಬರುತ್ತದೆ.

ವೈರ್

ಮೀಟರ್‌ನಿಂದ ಗಾಡಿ ನಿಲ್ಲುವ ಜಾಗಕ್ಕೆ ಬೇರೆಯದೇ ಲೈನ್, 4 ಚದರ ಎಂಎಂ ತಾಮ್ರ. ದೂರ 30 ಮೀಟರ್ ದಾಟಿದರೆ 6. ಮಿಕ್ಸರ್ ಹತ್ತು ನಿಮಿಷ ಓಡುತ್ತದೆ, ಚಾರ್ಜರ್ ಏಳು ತಾಸು ಬಿಡದೆ 14-15 ಆಂಪ್ ಎಳೆಯುತ್ತದೆ. 30 ಮೀಟರ್ ಉದ್ದದ 1.5 ಎಂಎಂ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ 160 ವ್ಯಾಟ್‌ನಷ್ಟು ಬರೀ ಕಾವಾಗಿ ಹೋಗುತ್ತದೆ, ಅದೂ ಗೋಡೆಯೊಳಗಿನ ಪೈಪಿನಲ್ಲಿ. ಹಳೆಯ ಮನೆಗಳ 2.5 ಎಂಎಂ ಅಲ್ಯೂಮಿನಿಯಂ ವೈರ್ ತಾಮ್ರದ 1.5ಕ್ಕೆ ಸಮ. ಅದಕ್ಕೆ ತಾಮ್ರ ಹೆಣೆದು ಟೇಪ್ ಸುತ್ತಿದ ಜೋಡಣೆ ಮೊದಲ ಬೇಸಿಗೆಯಲ್ಲೇ ಕರಗುತ್ತದೆ.

ಅರ್ಥಿಂಗ್

ಈಗ ಆ ವೈರ್ ತುಂಡಿಗೆ ಬರೋಣ. ಚಾರ್ಜರ್ ಕೆಂಪು ದೀಪ ತೋರಿಸುವುದು ಅರ್ಥ್ ಪಿನ್ನಿಗೆ ನೆಲ ಸರಿಯಾಗಿ ಸಿಗದಿದ್ದಾಗ. ನ್ಯೂಟ್ರಲ್ ಜೋಡಿಸಿದರೆ ಅದಕ್ಕೆ ನೆಲ ಸಿಕ್ಕಂತೆ ಕಾಣುತ್ತದೆ, ಅಷ್ಟೇ. ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಅಥವಾ ಅದರ ಜಂಪರ್ (ಜೋಡಿಸುವ ತಂತಿ) ಸಡಿಲಾದರೆ, ಮನೆಯ ಬಲ್ಬು, ಫ್ಯಾನು ಹಾಯ್ದು ಬಂದ ಫೇಸ್ ನೇರ ಗಾಡಿಯ ಬಾಡಿಗೆ ಏರುತ್ತದೆ. ಗಾಡಿ ರಬ್ಬರ್ ಟಯರಿನ ಮೇಲೆ ನಿಂತಿರುವುದರಿಂದ ಏನೂ ಗೊತ್ತಾಗದು. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದ ಮೇಲೆ ಬರಿಗಾಲಲ್ಲಿ ಬಂದು ಬಾಗಿಲ ಹಿಡಿಕೆ ಮುಟ್ಟಿದವರಿಗೆ ಗೊತ್ತಾಗುತ್ತದೆ.

ಆದ್ದರಿಂದ ಗುಂಡಿ ತೋಡಿಸಿ. ಮನೆಯ ಅಡಿಪಾಯದಿಂದ ಕನಿಷ್ಠ ಒಂದೂವರೆ ಮೀಟರ್ ದೂರ, ಬಚ್ಚಲ ನೀರು ಹೋಗುವ ಕಡೆ ಆದರೆ ಉತ್ತಮ. ಬೇಕಾದ್ದು 40 ಎಂಎಂ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್, 3 ಮೀಟರ್. ಮೀಡಿಯಂ ದರ್ಜೆಯ ಪೈಪ್ ಆದರೆ ಆ ತುಂಡು ಹತ್ತು ಕೆಜಿಗೆ ಮೇಲೆ ತೂಗುತ್ತದೆ. ಅಂಗಡಿಯಲ್ಲೇ ತಕ್ಕಡಿಗೆ ಹಾಕಿಸಿ. ‘ಮೇಂಟೆನೆನ್ಸ್ ಇಲ್ಲ’ ಎಂದು ಥಳಥಳ ಕಾಗದ ಸುತ್ತಿ ಮಾರುವ ಅಗ್ಗದ ಎಲೆಕ್ಟ್ರೋಡುಗಳನ್ನು (ನೆಲದಲ್ಲಿ ಹೂಳುವ ಸಿದ್ಧ ಪೈಪು) ಕೈಗೆತ್ತಿಕೊಂಡರೆ ಸಾಕು, ಒಳಗೇನಿದೆ ಎಂದು ತೂಕವೇ ಹೇಳುತ್ತದೆ.

6 ಇಂಚಿನ ಬೋರ್ ಹೊಡೆಸಿದರೆ ಕೆಲಸ ಚೊಕ್ಕ. ಪೈಪನ್ನು ನಡುವೆ ನಿಲ್ಲಿಸಿ ಸುತ್ತ ಬೆಂಟೋನೈಟ್ (ನೀರು ಕುಡಿದು ಉಬ್ಬುವ ಜೇಡಿಪುಡಿ) ಸುರಿಯಬೇಕು. ಇದ್ದಿಲು-ಉಪ್ಪಿನ ಹಳೆಯ ಪದ್ಧತಿ ತಪ್ಪಲ್ಲ, ಆದರೆ ಉಪ್ಪು ಖಾನಾಪುರದ ಮಳೆಗೆ ಎರಡು ವರ್ಷ ನಿಲ್ಲುವುದಿಲ್ಲ, ನಿಂತಷ್ಟು ದಿನ ಪೈಪನ್ನೂ ತಿನ್ನುತ್ತದೆ. ಬೆಂಟೋನೈಟ್ 25 ಕೆಜಿಯ ಒಂದು ಚೀಲ, ಹೆಚ್ಚೆಂದರೆ ಎರಡು. ದೊಡ್ಡ ಟಬ್ಬಿನಲ್ಲಿ ಮೊದಲು ನೀರು, ಅದಕ್ಕೆ ಪುಡಿಯನ್ನು ಸ್ವಲ್ಪ ಸ್ವಲ್ಪ ಉದುರಿಸುತ್ತ ಕಲಸಿ. ಪುಡಿಗೆ ನೀರು ಹಾಕಿದರೆ ಗಂಟು ಕಟ್ಟುತ್ತದೆ, ಒಳಗೆ ಒಣ ಹಿಟ್ಟೇ ಉಳಿಯುತ್ತದೆ. ಹದ ಎಂದರೆ ಅಂಬಲಿಗಿಂತ ಗಟ್ಟಿ, ಜುಣಕಕ್ಕಿಂತ ತೆಳು. ಅರ್ಧ ತಾಸು ಉಬ್ಬಲು ಬಿಟ್ಟು ನಿಧಾನ ಸುರಿಯಿರಿ, ಕಬ್ಬಿಣದ ಸಲಾಕೆಯಿಂದ ಚುಚ್ಚುತ್ತ ಗಾಳಿ ಬಿಡಿಸಿ. ಒಣ ಪುಡಿಯನ್ನೇ ಸುರಿದು ಮೇಲೆ ಎರಡು ಕೊಡ ನೀರು ಹಾಕಿ ಮುಗಿಸುವವರಿದ್ದಾರೆ. ನೀರು ಒಂದಡಿ ಇಳಿದು ಅಲ್ಲೇ ಮುಚ್ಚಿಕೊಳ್ಳುತ್ತದೆ, ಕೆಳಗೆಲ್ಲ ಒಣ ಹಿಟ್ಟು.

ಇನ್ನು ನೆಲ. ವಿಜಯಪುರ ಕಡೆಯ ಡೋಣಿ ನದಿ ಸಾಲಿನ ಎರಿ (ಕಪ್ಪು) ಭೂಮಿ ಹಸಿ ಇದ್ದಾಗ ಅರ್ಥಿಂಗಿಗೆ ಅದರಷ್ಟು ಒಳ್ಳೆಯ ಮಣ್ಣಿಲ್ಲ. ಏಪ್ರಿಲ್ ಬಂದರೆ ಅದೇ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಆಗಸ್ಟಿನಲ್ಲಿ 3 ಓಮ್ (ನೆಲ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) ತೋರಿಸಿದ್ದು ಮೇ ತಿಂಗಳಲ್ಲಿ ಹಲವು ಪಟ್ಟು ಏರಬಹುದು. ಅದಕ್ಕೇ ಅಲ್ಲಿ ಆಳ ಮುಖ್ಯ, ಮೇಲಿನ ಮೂರ್ನಾಲ್ಕು ಅಡಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬಾಗಲಕೋಟೆ ಜಿಲ್ಲೆಯ ಕಲಾದಗಿ, ಲೋಕಾಪುರದ ಕಡೆ ತೊಂದರೆ ಬೇರೆ: ನಾಲ್ಕಡಿಗೆ ಕಲ್ಲು ಹತ್ತುತ್ತದೆ. ಕಲ್ಲು ಒಡೆಸಲು ದುಡ್ಡು ಸುರಿಯುವ ಬದಲು ಎರಡಡಿ ಆಳದ, 10-15 ಮೀಟರ್ ಉದ್ದದ ಕಾಲುವೆ ತೋಡಿ, 25×3 ಎಂಎಂ ಜಿಐ ಪಟ್ಟಿ ಮಲಗಿಸಿ, ಮೇಲೆ ಕೆಳಗೆ ಬೆಂಟೋನೈಟ್ ಹಾಕಿ ಮುಚ್ಚಿ. ಗರಸು (ಸಣ್ಣ ಕಲ್ಲು ಬೆರೆತ) ನೆಲದಲ್ಲಿ ಒಂದು ಪೈಪ್ ಸಾಲದು. ಎರಡನೆಯದನ್ನು 6 ಮೀಟರ್ ಆಚೆ ಹಾಕಿ ಎರಡನ್ನೂ ಪಟ್ಟಿಯಿಂದ ಜೋಡಿಸಿ. ಪಕ್ಕಪಕ್ಕದಲ್ಲೇ ಎರಡು ಹಾಕಿದರೆ ಎರಡನೆಯದರ ದುಡ್ಡು ನೆಲದ ಪಾಲು.

ಪೈಪಿನಿಂದ ಗೋಡೆಯವರೆಗೂ ಅದೇ ಜಿಐ ಪಟ್ಟಿ, ಅಲ್ಲಿಂದ ಸಾಕೆಟ್‌ಗೆ 6 ಎಂಎಂ ಹಸಿರು ತಾಮ್ರದ ವೈರ್. ತಾಮ್ರ ಮತ್ತು ಜಿಐ ನೇರ ಕೂಡುವ ಕಡೆ ತೇವ ತಾಗಿದರೆ ಸತು ಸವೆದುಹೋಗುತ್ತದೆ. ವೈರಿನ ತುದಿಗೆ ತವರ ಲೇಪಿಸಿದ ಲಗ್ (ಬೋಲ್ಟು ತೂರುವ ಬಳೆ) ಹಾಕಿ, ಬೋಲ್ಟಿಗೆ ಎರಡು ನಟ್ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಈ ಜೋಡಣೆ ನೆಲದ ಮೇಲೇ, ಕಣ್ಣಿಗೆ ಕಾಣುವಂತಿರಲಿ.

ಅಳತೆಗೆ ಅರ್ಥ್ ಟೆಸ್ಟರ್ ಇರುವ ಗುತ್ತಿಗೆದಾರನನ್ನೇ ಕರೆಯಿರಿ. ಟೆಸ್ಟರಿನ ಒಂದು ಗೂಟ ಪೈಪಿನಿಂದ 30 ಮೀಟರ್ ದೂರಕ್ಕೆ, ಇನ್ನೊಂದು ಅದೇ ಸಾಲಿನಲ್ಲಿ 18-19 ಮೀಟರ್‌ಗೆ. 5 ಓಮ್ ಒಳಗೆ ಬಂದರೆ ನಿಶ್ಚಿಂತೆ, ಹತ್ತು ದಾಟಿದರೆ ಇನ್ನೊಂದು ಪೈಪ್. ಫೇಸ್‌ಗೂ ಅರ್ಥ್‌ಗೂ ನೂರು ವ್ಯಾಟ್ ಬಲ್ಬ್ ಹಿಡಿದು ‘ನೋಡ್ರಿ, ಫುಲ್ ಹತ್ತೇತಿ’ ಎಂದು ತೋರಿಸುವುದು ಪರೀಕ್ಷೆಯಲ್ಲ. ಆ ಬಲ್ಬು ಅರ್ಧ ಆಂಪ್ ಕೂಡ ಎಳೆಯುವುದಿಲ್ಲ. ಅರ್ಥಿಂಗ್ 50 ಓಮ್ ಕೆಟ್ಟಿದ್ದರೂ ಅದಕ್ಕೆ 210 ವೋಲ್ಟ್ ಸಿಕ್ಕೇ ಸಿಗುತ್ತದೆ, ಜೋರಾಗಿಯೇ ಉರಿಯುತ್ತದೆ.

ಆರ್‌ಸಿಸಿಬಿ

ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯುವ ಸ್ವಿಚ್ಚೇ ಆರ್‌ಸಿಸಿಬಿ. ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ಬಿಡುವಂತಿಲ್ಲ. 5 ಓಮ್‌ನ ಗುಂಡಿ, ಟ್ರಾನ್ಸ್‌ಫಾರ್ಮರ್ ಕಡೆಯ ಇನ್ನಷ್ಟು ಓಮ್ ಸೇರಿದರೆ ಲೀಕ್ ಆದಾಗ ಹರಿಯುವುದು 20-40 ಆಂಪ್. 20 ಆಂಪ್ ಎಂಸಿಬಿಗೆ (ಲೋಡು ಮೀರಿದರೆ ಬೀಳುವ ಸ್ವಿಚ್) ಅದು ತಕ್ಷಣ ಬೀಳುವಷ್ಟು ಕರೆಂಟ್ ಅಲ್ಲ. 30 ಮಿಲಿಆಂಪ್‌ನ, ‘ಎ’ ಟೈಪ್ ಆರ್‌ಸಿಸಿಬಿ ಕೇಳಿ ತನ್ನಿ. ಅಂಗಡಿಯವರು ಮೊದಲು ಕೊಡುವುದು ಅಗ್ಗದ ‘ಎಸಿ’ ಟೈಪ್, ಚಾರ್ಜರಿನಂಥ ಎಲೆಕ್ಟ್ರಾನಿಕ್ ಲೋಡಿನ ಲೀಕ್ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಪದೇ ಪದೇ ಬೀಳುತ್ತದೆ ಎಂದು ಬೈಪಾಸ್ ಮಾಡಬೇಡಿ. ಎಲ್ಲೋ ಆ ನ್ಯೂಟ್ರಲ್ ತುಂಡು ಉಳಿದಿದೆಯೇ ಎಂದು ಮೊದಲು ಹುಡುಕಿ.

ಸಾಕೆಟ್ 16 ಆಂಪ್‌ನದು, ಒಳ್ಳೆಯ ಕಂಪನಿಯದು, ಮೆಟಲ್ ಬಾಕ್ಸ್‌ನಲ್ಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಒಂದು ತಾಸಿನ ನಂತರ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸರಿ, ಕೈ ತೆಗೆಯುವಷ್ಟು ಬಿಸಿ ಇದ್ದರೆ ಒಳಗಿನ ಸ್ಕ್ರೂ ಸಡಿಲ.

ರಸ್ತೆಯ ಮೇಲೆ

ಇಷ್ಟು ಕಷ್ಟಪಟ್ಟು ತುಂಬಿಸಿದ್ದನ್ನು ಗಾಳಿಗೆ ಸುರಿಯಬೇಡಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 40ರಿಂದ 60ಕ್ಕೆ ಹೋದರೆ ಎರಡೂಕಾಲು ಪಟ್ಟು. ಚಿಕ್ಕ ಪಿಕಪ್ಪಿಗೆ 60ರ ಆಸುಪಾಸಿನಲ್ಲಿ ಗಾಳಿಯ ತಡೆ ಟಯರಿನ ತಡೆಗೆ ಸಮ ಬರುತ್ತದೆ, ಅಲ್ಲಿಂದ ಮೇಲೆ ಗಾಳಿಯದೇ ರಾಜ್ಯ. ಜೂನ್-ಜುಲೈನಲ್ಲಿ ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ಪಡುವಣ ಗಾಳಿ ಎದುರಿಗೇ. 20ರ ವೇಗದ ಎದುರು ಗಾಳಿಯಲ್ಲಿ 60ಕ್ಕೆ ಓಡಿಸಿದರೆ ಗಾಡಿಗೆ ಅದು 80. ಅಂಥ ದಿನ 45ಕ್ಕೆ ಇಳಿಸಿ.

ದ್ರಾಕ್ಷಿ ಕ್ರೇಟುಗಳನ್ನು ಕ್ಯಾಬಿನ್ ಎತ್ತರ ಮೀರಿ ಒಟ್ಟಬೇಡಿ, ಮೀರಿದ ಪ್ರತಿ ಸಾಲೂ ಗಾಳಿಗೆ ಹೊಸ ಗೋಡೆ. ತಾಡಪತ್ರಿಯನ್ನು ಡೋಲಿನ ಚರ್ಮದಂತೆ ಬಿಗಿದು ಕಟ್ಟಿ. ಪಟಪಟ ಬಡಿಯುತ್ತಿದ್ದರೆ ಆ ಸದ್ದಿಗೂ ಬ್ಯಾಟರಿಯೇ ದುಡ್ಡು ಕೊಡುತ್ತಿದೆ. ಟಯರ್ ಗಾಳಿ ವಾರಕ್ಕೊಮ್ಮೆ, ಬೆಳಿಗ್ಗೆ, ಗಾಡಿ ಓಡುವ ಮುಂಚೆ.

ಖಾಲಿ ಬರುವಾಗ ಹಿಂದಿನ ಬಾಗಿಲು ಬಿಚ್ಚಿ ಜೋತುಬಿಟ್ಟರೆ ಗಾಳಿ ಸಲೀಸಾಗಿ ಹಾಯುತ್ತದೆ ಎನ್ನುವವರಿದ್ದಾರೆ. ಬಾಗಿಲು ಮುಚ್ಚಿದ್ದರೆ ತೊಟ್ಟಿಯೊಳಗಿನ ಗಾಳಿ ಅಲ್ಲೇ ಸುತ್ತುತ್ತದೆ, ಹೊರಗಿನ ಗಾಳಿ ಅದರ ಮೇಲಿಂದ ಜಾರಿಹೋಗುತ್ತದೆ. ಬಾಗಿಲು ತೆರೆದರೆ ಆ ಸುಳಿ ಮುರಿದು ಎಳೆತ ಹೆಚ್ಚುತ್ತದೆ. ಮುಚ್ಚಿ ಚಿಲಕ ಹಾಕಿ, ಖಾಲಿ ಕ್ರೇಟುಗಳನ್ನು ಒಂದರೊಳಗೊಂದು ಇಳಿಸಿ ಕ್ಯಾಬಿನ್ನಿನ ಬೆನ್ನಿಗೆ ತಾಗಿಸಿ ಕಟ್ಟಿ.